ಇಲ್ಲವೆಂದು ಒಪ್ಪಿಸಿದ ವಾಸನೆ

ಜ್ವರ ಬಂದು ಹೋದ ಮೇಲೆ ನನ್ನ ಮೂಗು ಕೆಲಸ ನಿಲ್ಲಿಸಿತು. ಉಸಿರಾಟಕ್ಕೆ ತೊಂದರೆಯಿಲ್ಲ, ವಾಸನೆ ಮಾತ್ರ ಇಲ್ಲ. ಅನ್ನ ಸೀದರೂ ಅಷ್ಟೇ, ಊದುಬತ್ತಿ ಹಚ್ಚಿದರೂ ಅಷ್ಟೇ. ಹೆಂಡತಿಗೆ ಬಿಟ್ಟರೆ ಯಾರಿಗೂ ಹೇಳಲಿಲ್ಲ. ಕಾಳು ಕೊಳ್ಳುವವನಿಗೆ ಮೂಗಿಲ್ಲವೆಂದು ಮಸ್ಕಿಯಲ್ಲಿ ಗೊತ್ತಾದರೆ, ಮುಗ್ಗಿದ ಮಾಲೆಲ್ಲ ನನ್ನ ಬಾಗಿಲಿಗೇ ಬರುತ್ತದೆ. ತಲೆಯ ಮೇಲೆ ಬುಟ್ಟಿ ಹೊತ್ತು ಮಾರುತ್ತಾ ಗೋದಾಮಿನವರೆಗೆ ಬಂದವನು ನಾನು. ಮೂಗು ಹೋಯಿತೆಂದು ಕೂರುವಂತಿರಲಿಲ್ಲ.

ಒಂದು ಉಪಾಯ ಕಂಡುಕೊಂಡೆ. ಚೀಲಕ್ಕೆ ಕೈ ಹಾಕಿ ಹಿಡಿ ಜೋಳ ತೆಗೆದು ಮೂಗಿಗೆ ಹಿಡಿಯುವುದು, ಹುಬ್ಬು ಗಂಟಿಕ್ಕಿ ಸುಮ್ಮನಿರುವುದು. ಪಾಮನಕಲ್ಲೂರಿನ ರೈತರೊಬ್ಬರು ಆ ಮೌನ ತಾಳದೆ, "ಒಂದ್ ಮಳ್ಯಾಗ ತೊಯ್ದೈತ್ರೀ, ಸುಳ್ಳ್ಯಾಕ ಹೇಳ್ಲಿ" ಎಂದು ತಾವೇ ಒಪ್ಪಿಕೊಂಡರು. ಎದುರಿನವರ ಮುಖದಲ್ಲಿ ವಾಸನೆ ಓದುವುದನ್ನು ಹೀಗೆ ಕಲಿತೆ. ಚೌಕಾಸಿಗೆ ಕೂರುವವರಿಗೆ ಈಗಲೂ ಹೇಳುತ್ತೇನೆ: ಮೊದಲು ಬಾಯಿ ತೆರೆಯಬೇಡಿ.

ಮಾಲು ಒಳ್ಳೆಯದೋ ಕೆಟ್ಟದ್ದೋ ಎನ್ನುವುದು ಮಾಲಿನಲ್ಲಿಲ್ಲ, ಇಬ್ಬರು ಕೂತು ಒಪ್ಪುವುದರಲ್ಲಿದೆ ಎಂದು ನಂಬಿಕೊಂಡಿದ್ದೆ. ನಾನು ಎರಡನೇ ನಂಬರು ಎಂದು ಪಟ್ಟು ಹಿಡಿದು, ಆತ ಹೂಂ ಎಂದರೆ ಆ ಜೋಳ ಎರಡನೇ ನಂಬರೇ. ಇಪ್ಪತ್ತು ವರ್ಷ ಹಾಗೆ ಬದುಕಿದವನಿಗೆ, ನಮ್ಮ ಒಪ್ಪಿಗೆಯ ಆಚೆಗೂ ಒಂದು ವಸ್ತು ತನ್ನಷ್ಟಕ್ಕೆ ತಾನು ಇರುತ್ತದೆ ಎಂದು ಹೊಳೆಯುವುದು ಕಷ್ಟ.

ಅವತ್ತು ಮಧ್ಯಾಹ್ನ ಹನ್ನೆರಡಕ್ಕೆ ಲಿಂಗಸುಗೂರಿನಿಂದ ಲಾರಿ ಬರುವುದಿತ್ತು. ಅಷ್ಟರಲ್ಲಿ ಜೋಳ ಹಸನು ಮಾಡಿಡಬೇಕು. ಬಳಗಾನೂರಿನಿಂದ ಅತ್ತೆ ಸೊಸೆ ಇಬ್ಬರು ಕೂಲಿಗೆಂದು ಮೊದಲ ಬಸ್ಸಿಗೇ ಬಂದಿದ್ದರು. ನನ್ನ ಗೋದಾಮೆಂದರೆ ದೊಡ್ಡದೊಂದು ತಗಡಿನ ಶೆಡ್ಡಿನ ಅರ್ಧ ಭಾಗ. ಇನ್ನರ್ಧ ಒಬ್ಬ ತೊಗರಿ ವ್ಯಾಪಾರಿಯದು. ನಡುವಿನ ಗೋಡೆ ತಗಡಿನವರೆಗೆ ಮುಟ್ಟುವುದಿಲ್ಲ, ಮೇಲೆ ಮೊಳದಷ್ಟು ಸಂದು.

ಶೆಟರ್ ಎತ್ತುತ್ತಿದ್ದಂತೆ ಅತ್ತೆ ಸೆರಗನ್ನು ಮೂಗಿಗೆ ಒತ್ತಿಕೊಂಡಳು.

"ಸಾವ್ಕಾರ್ರ, ಒಳಗ ಏನೋ ನಾತ ಬರಾಕತ್ತೈತ್ರೀ. ಬಳ್ಳೊಳ್ಳಿ ಕೊಳತಂಗ. ನಿಮಗ ಬರವಲ್ದೇನು?"

ಆ ಪ್ರಶ್ನೆಗೆ ನಾನು ಹೆದರಿದೆ. ಆಕೆಯ ಮುಖ ನಿಜ ಹೇಳುತ್ತಿತ್ತು. ಆದರೆ ನನ್ನ ಗುಟ್ಟು ಬಳಗಾನೂರಿನ ಬಸ್ಸು ಹತ್ತಿತೆಂದರೆ ಸಂಜೆಯೊಳಗೆ ತಾಲೂಕು ಸುತ್ತುತ್ತದೆ.

"ಬರತೈತಿ ಬಿಡು. ಹಿಂದಿನ ಮನ್ಯಾಗ ಒಗ್ಗರಣಿ ಹಾಕ್ಯಾರ."

"ಒಗ್ಗರಣಿ ಆದ್ರ ಹಸಿವಿ ಆಗ್ತಿತ್ತ್ರೀ. ಇದಕ್ಕ ಹೊಟ್ಟಿ ತೊಳಸಾಕತ್ತೈತಿ."

"ಮುಂಜಾನೆ ಏನ್ ತಿಂದ್ ಬಂದೀಯೋ ಯಾರಿಗ್ಗೊತ್ತು ಯಕ್ಕಾ."

"ನನಗೂ ಬರ್ತೈತಿ ಅತ್ತಿ" ಎಂದಳು ಸೊಸೆ, ಮೆಲ್ಲಗೆ.

"ಮನ್ಯಾಗ ಒಂದ್ ಮಾತಿಗಿ ಕೂಡಂಗಿಲ್ಲ, ಇಲ್ಲಿ ಬಂದ್ ಇಬ್ರೂ ಒಂದಾಗೀರಿ" ಎಂದು ನಗಿಸಿದೆ. "ಇಪ್ಪತ್ತ್ ವರ್ಷ ಕಾಳು ಮೂಸಿದ ಮೂಗು ಇದು. ತಡೀರಿ, ನಾನ ನೋಡ್ತೀನಿ."

ನಾಲ್ಕು ಹೆಜ್ಜೆ ಒಳಗೆ ಹೋಗಿ ಎದೆಯುಬ್ಬಿಸಿ ಉಸಿರೆಳೆದೆ. ಏನೂ ಇಲ್ಲವೆಂದು ಕೈಯಾಡಿಸಿದೆ. ಅತ್ತೆ ಹೊಸ್ತಿಲು ದಾಟಿ ಬಂದು ನಿಂತಳು. ಸ್ವಲ್ಪ ಹೊತ್ತು ಬಿಟ್ಟು, "ಈಗ ಹೇಳು, ಬರತೈತೇನು?" ಎಂದೆ. ಆಕೆ ಸೆರಗು ಸರಿಸಿ ಮೂಸಿದಳು.

"ಈಗ ಅಷ್ಟ್ ಬರವಲ್ದು ನೋಡ್ರೀ."

"ನಾ ಹೇಳ್ಲಿಲ್ಲಾ?"

ಅತ್ತೆ ಬಾಗಿಲ ಬಳಿ ಜರಡಿ ಹಿಡಿದು ಕೂತಳು. ಸೊಸೆ ಹಿಂದಿನ ಗೋಡೆಯ ಹತ್ತಿರ ಚೀಲ ಬಿಚ್ಚತೊಡಗಿದಳು. ನಾನು ಹೊರಗೆ ಕಟ್ಟೆಯ ಮೇಲೆ ಕೂತು ಲಾರಿಯವನಿಗೆ ಫೋನ್ ಮಾಡುತ್ತಿದ್ದೆ. ಅರ್ಧ ತಾಸು ಆಗಿರಬಹುದು. ಬಾಗಿಲ ಒಳಗಿದ್ದ ತಕ್ಕಡಿಯ ಮೇಲೆ ಏನೋ ಪಟ್ ಎಂದು ಬಿತ್ತು. ನೋಡಿದರೆ ಹಲ್ಲಿ, ಹೊಟ್ಟೆ ಮೇಲಾಗಿ ಸತ್ತಿತ್ತು. ಗೋಡೆಯ ಬುಡದಲ್ಲಿ ಇನ್ನೆರಡು ಬಿದ್ದಿದ್ದವು.

ಹಲ್ಲಿಗಳನ್ನು ನಾನು ಯಾವ ಮಾತಿನಿಂದಲೂ ಒಪ್ಪಿಸಿರಲಿಲ್ಲ.

ನಡುಗೋಡೆಯ ಮೇಲಿನ ಸಂದು ಕಣ್ಣಿಗೆ ಬಿತ್ತು. ಆಚೆ ಬದಿಯ ತೊಗರಿ ವ್ಯಾಪಾರಿಗೆ ಫೋನ್ ಹಚ್ಚಿದೆ. ಮೊದಲ ಸಲ ಎತ್ತಲಿಲ್ಲ. ಎರಡನೇ ಸಲ, "ನಿನ್ನಿ ಸಂಜಿಗೆ ತೊಗರಿ ಹುಳಕ್ಕ ಗುಳಿಗಿ ಇಟ್ಟು ತಾಡಪಲ್ ಮುಚ್ಚೀನ್ರೀ, ನಿಮಗ ಹೇಳೋದ ಮರ್ತೆ. ವಿಷದ ಗಾಳಿ ಅದು, ನಿಮ್ ಬಾಗ್ಲಾ ತೆಗಿಬ್ಯಾಡ್ರಿ" ಎಂದ.

"ಯಕ್ಕಾ, ಹೊರಗ ಬಾ!"

ಆಕೆ ತೂರಾಡುತ್ತಾ ಎದ್ದು ಬಂದಳು. "ಸೊಸಿ..." ಎಂದು ಹಿಂದಕ್ಕೆ ಕೈ ಮಾಡಿದಳು. ಹಿಂದಿನಿಂದ ಸದ್ದೇ ಇರಲಿಲ್ಲ.

ಟವೆಲು ಬಾಯಿಗೆ ಕಟ್ಟಿ, ಉಸಿರು ಬಿಗಿಹಿಡಿದು ಓಡಿದೆ. ಚೀಲಗಳ ಸಾಲು ದಾಟುವಷ್ಟರಲ್ಲಿ ಎದೆ ಒಡೆಯುವಂತಾಗಿ ಒಮ್ಮೆ ಉಸಿರೆಳೆದೆ. ಆ ಗಾಳಿ ತೊಳೆದಿಟ್ಟಷ್ಟು ಶುದ್ಧವಾಗಿತ್ತು, ನನ್ನ ಪಾಲಿಗೆ. ಎಷ್ಟು ವಿಷ ಕುಡಿದೆನೋ ತಿಳಿಯುವ ದಾರಿಯೇ ಇರಲಿಲ್ಲ. ಹುಡುಗಿ ವಾಂತಿ ಮಾಡಿಕೊಂಡು ಚೀಲಕ್ಕೆ ಒರಗಿದ್ದಳು, ಕುತ್ತಿಗೆ ಜೋತುಬಿದ್ದಿತ್ತು. ಕಂಕುಳಿಗೆ ಕೈ ಕೊಟ್ಟು ಎಳೆದುಕೊಂಡು ಬಂದೆ.

ಮಸ್ಕಿಯ ಆಸ್ಪತ್ರೆಯಲ್ಲಿ ನೋಡಿ ಸಿಂಧನೂರಿಗೆ ಒಯ್ಯಿರಿ ಎಂದರು. ದಾರಿಯುದ್ದಕ್ಕೂ ಅತ್ತೆ ಆಕೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಕಣ್ಣ ತೆಗಿ ಬೇ, ಮಾತಾಡ ಬೇ" ಎನ್ನುತ್ತಲೇ ಇದ್ದಳು. ಸಿಂಧನೂರಿನ ಡಾಕ್ಟರು, "ಈ ವಿಷಕ್ಕ ಎದುರು ಔಷಧ ಇಲ್ಲ. ನಾಳೆ ತನಕ ಹೃದಯ ಹೆಂಗ್ ನಡೀತೈತಿ ನೋಡ್ಬೇಕು" ಎಂದರು. ಆಮೇಲೆ ಕೇಳಿದರು, "ಯಾರಿಗೂ ವಾಸನಿ ಬರ್ಲಿಲ್ಲೇನು?"

ಅತ್ತೆ ನನ್ನ ಕಡೆ ನೋಡಿದಳು. "ಮೊದ್ಲ ಬಂತ್ರೀ. ಸಾವ್ಕಾರ್ರು ಇಲ್ಲ ಅಂದ್ಮ್ಯಾಲ ಖರೇನ ಬರೋದ ನಿಂತ್ ಬಿಡ್ತು."

"ಮೂಗಿಗಿ ರೂಢಿ ಆಗಿ ಬಿಡ್ತೈತವ್ವಾ" ಎಂದರು ಡಾಕ್ಟರು. "ನಾತ ಹೋತು ಅಂದ್ರ ಗಾಳಿ ಹೋತು ಅಂತಲ್ಲ."

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅದನ್ನೇ ಯೋಚಿಸಿದೆ. ಆಕೆಯ ಮೂಗನ್ನೂ ನನ್ನ ಮಾತಿಗೆ ಎಳೆದುಕೊಂಡಿದ್ದೆ. ಇಲ್ಲ ಎಂದು ಎಲ್ಲರೂ ಒಪ್ಪಿದ್ದೆವು. ಆ ವಿಷದ ಗಾಳಿ ಮಾತ್ರ ಸಂದಿನಿಂದ ಇಳಿಯುತ್ತಲೇ ಇತ್ತು, ಯಾರ ಹೂಂ ಕೂಡ ಅದಕ್ಕೆ ಬೇಕಿರಲಿಲ್ಲ. ಮಾತು ಗೆಲ್ಲಲು ಬರುವವರು ಇದೊಂದನ್ನು ನೆನಪಿಡಿ: ಎದುರಿನವರು ಸುಮ್ಮನಾದರು ಎಂದರೆ ಎದುರಿನ ವಸ್ತು ಇಲ್ಲವಾಯಿತು ಎಂದಲ್ಲ.

ಮರುದಿನ ಮಧ್ಯಾಹ್ನ ಹುಡುಗಿಯ ನಾಡಿ ನೆಟ್ಟಗಾಯಿತು. ಚಹಾ ಬೇಕು ಎಂದಳಂತೆ. ಹೊರಗಿನಿಂದ ಚಹಾ ಕೊಂಡು ತರುತ್ತಿದ್ದ ಅತ್ತೆಯನ್ನು ನಿಲ್ಲಿಸಿದೆ.

"ಯಕ್ಕಾ, ಜ್ವರ ಬಂದಾಗಿಂದ ನನಗ ವಾಸನಿ ಬರಂಗಿಲ್ಲ. ನಿನ್ನಿ ಮುಂಜಾನೆನೂ ಬಂದಿದ್ದಿಲ್ಲ."

ಆಕೆ ಲೋಟವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ನನ್ನತ್ತ ತಿರುಗಿದಳು.

"ನಿನ್ನ ಮೂಗು ಹೋಗಿತ್ತು, ಹೋಗ್ಲಿ. ನನ್ನ ಮೂಗು ಇತ್ತಲ್ಲಪಾ ಅಲ್ಲಿ?"

ರೀ ಹಚ್ಚದೆ ಆಕೆ ನನ್ನೊಂದಿಗೆ ಮಾತಾಡಿದ್ದು ಅದೇ ಮೊದಲು. ಚಹಾ ಹಿಡಿದು ಒಳಗೆ ಹೋದಳು, ನನ್ನನ್ನು ಬಾ ಎನ್ನಲಿಲ್ಲ.