ಸಂಡೂರು ರಾಜ್ಯ ಹೌದೋ ಅಲ್ಲವೋ

ರಾಜ್ಯಶಾಸ್ತ್ರದ ಎರಡು ಕೈಪಿಡಿಗಳು ಮದ್ರಾಸಿನಿಂದ ಅಂಚೆಯಲ್ಲಿ ಬಂದಿದ್ದವು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ವಾಪಸ್ ಕಳಿಸಬಹುದೆಂದು ಅಂಗಡಿಯವರು ಒಪ್ಪಿದ್ದರು. ಹೊಸಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಎರಡನ್ನೂ ಬಿಚ್ಚಿಕೊಂಡು ಕೂತೆ. ದಪ್ಪನೆಯದರಲ್ಲಿ ಇಲ್ಲದ್ದೇ ಇಲ್ಲ. ಆದರೆ ಯಾವ ಪ್ರಶ್ನೆಗೂ ನೆಟ್ಟಗೆ ಉತ್ತರ ಕೊಡುವ ಜಾಯಮಾನ ಅದರದಲ್ಲ. ಹಾಗೆನ್ನುವವರೂ ಉಂಟು, ಹೀಗೆನ್ನುವವರೂ ಉಂಟು ಎಂದು ಪುಟಗಟ್ಟಲೆ ಎಳೆದಾಡುತ್ತಿತ್ತು. ತೆಳ್ಳನೆಯದು ನಮ್ಮ ಅಜ್ಜಿಯ ಹಾಗೆ, ಎರಡೇ ಮಾತಿಗೆ ಮುಗಿಸಿಬಿಡುತ್ತಿತ್ತು. ನನಗೆ ಅದೇ ಹಿಡಿಸಿತು.

ಬಿ.ಎ. ಪರೀಕ್ಷೆಗೆ ನಾನು ಮನೆಯಲ್ಲೇ ಓದುತ್ತಿದ್ದೆ. ಬರೆಯಲು ಮದ್ರಾಸಿಗೆ ಹೋಗಬೇಕು. ವಕೀಲರಾದ ಅಪ್ಪನಿಗೆ ಕೋರ್ಟು ಬಿಟ್ಟು ಬರಲಾಗದು. ಸಂಡೂರು ಸಂಸ್ಥಾನದ ಕಚೇರಿಯಲ್ಲಿದ್ದ ಸೋದರಮಾವ ಜೊತೆಗೆ ಬಂದರೆ ಉಂಟು, ಇಲ್ಲದಿದ್ದರೆ ಪರೀಕ್ಷೆಯೇ ಇಲ್ಲ. ಆ ಮಾವನೋ, ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ ಎಂದು ರಾಗ ಎಳೆಯುತ್ತಿದ್ದ. ಅವನನ್ನು ಒಪ್ಪಿಸಲೆಂದೇ ಅಮ್ಮ ಅವತ್ತು ಊಟಕ್ಕೆ ಕರೆದು ಹೋಳಿಗೆ ಮಾಡಿದ್ದಳು.

ಊಟವೇನೋ ಚೆನ್ನಾಗಿಯೇ ಆಯಿತು. ಆದರೆ ಹೆಂಡತಿಯ ತಮ್ಮನನ್ನು ಕೆಣಕದಿದ್ದರೆ ಅಪ್ಪನಿಗೆ ಉಂಡದ್ದು ಅರಗುತ್ತಿರಲಿಲ್ಲ. ತೆಳ್ಳನೆಯ ಪುಸ್ತಕ ತಿರುವಿಹಾಕಿ, "ಕೇಳಪ್ಪಾ, ದೇಶೀ ಸಂಸ್ಥಾನ ಅಂದ್ರ ರಾಜ್ಯಾನ ಅಲ್ಲಂತ. ಅದಕ್ಕ ಸ್ವಂತ ಅಧಿಕಾರ ಇಲ್ಲಂತ. ನಿಮ್ಮ ಸಂಡೂರು ಹೋತು!" ಎಂದು ನಕ್ಕರು.

ಮಾವನ ಮುಖ ಕೆಂಪಾಯಿತು. "ಹಂಗ ಬರದಾರೇನ್ರಿ ಭಾವಾ? ಇಂಥಾದ್ದು ಓದೋ ಹುಡುಗಿನ್ನ ನಾ ಮದ್ರಾಸಿಗೆ ಕರ್ಕೊಂಡು ಹೋಗಬೇಕಾ? ಬ್ಯಾಡ, ಆಗೂದಿಲ್ಲ!" ಎಂದು ಎದ್ದೇಬಿಟ್ಟ.

ಅಯ್ಯೋ ದೇವರೇ! ಅಪ್ಪನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಅವರ ಕೈಯಿಂದ ಪುಸ್ತಕ ಕಸಿದುಕೊಂಡೆ.

"ಮಾಮಾ, ಕುಂದ್ರು. ಅಪ್ಪ ಅರ್ಧಾನ ಓದ್ಯಾರ. ಇನ್ನೊಬ್ಬರ ಕೈಯಾಗಿರೋ ಯಾವ ದೇಶಾನೂ ರಾಜ್ಯ ಅಲ್ಲಂತ ಮುಂದ ಬರದದ. ಹಂಗಂದ್ರ ಇಂಗ್ಲಿಷರ ಕೈಯಾಗಿರೋ ಹೊಸಪೇಟಿನೂ ಹೋತು, ಮದ್ರಾಸೂ ಹೋತು."

ಅಪ್ಪನ ನಗು ಅಲ್ಲಿಗೇ ನಿಂತಿತು. ಮಾವ ಬಾಗಿಲ ಹತ್ತಿರವೇ ನಿಂತು, ದಪ್ಪನೆಯ ಪುಸ್ತಕ ಏನನ್ನುತ್ತದೆ ಎಂದು ಕೇಳಿದ. ತೆಗೆದು ನೋಡಿದೆ. ಈ ವಿಷಯದಲ್ಲಿ ಅಭಿಪ್ರಾಯಭೇದಗಳುಂಟು ಎಂದಿತ್ತು.

"ಅದನ್ನ ವಾಪಸ್ ಕಳಸು," ಎಂದ ಮಾವ. "ಪರೀಕ್ಷಾದಾಗ ಈ ಪ್ರಶ್ನಿ ಬಂದ್ರ ಏನ್ ಬರೀತಿ?" ಎಂದ.

"ಇನ್ನೊಬ್ಬರ ಕೈಯಾಗಿದ್ರ ರಾಜ್ಯ ಅಲ್ಲಂತ ಈಗ ಓದಿದ್ನಲ್ಲ, ಅದನ್ನ."

"ಉತ್ತರ ಯಾರು ತಿದ್ದತಾರ?"

"ಇಂಗ್ಲಿಷ್ ದೊರೆಗಳಂತ."

ಮಾವ ಬಂದು ನನ್ನ ಪಕ್ಕ ಕೂತ. "ಹಂಗಾದ್ರ ನಡಿ. ನಮ್ಮನಿ ಹುಡುಗಿ ಇದನ್ನ ಅವರಿಗೇ ಬರದು ಕೊಡ್ತಾಳಂದ್ರ, ಜೊತಿಗೆ ನಾನ ಬರ್ತೀನಿ."