ಕಲ್ಲು ಮಗುಚಿದ ಮೇಲೆಯೇ ಒಲೆ

ಹೆಗ್ಗರಣೆಯ ಹೊನ್ನಿಯ ಮನೆಯಲ್ಲಿ ಹಬ್ಬದೂಟಕ್ಕೆ ಒಲೆ ಹಚ್ಚುವ ಮೊದಲು ಹಳ್ಳಕ್ಕಿಳಿದು ಒಂದು ಕಲ್ಲು ಮಗುಚಬೇಕು. ಅವಳ ಅತ್ತೆ ಹಾಕಿಕೊಟ್ಟ ಪದ್ಧತಿ ಅದು. ಅತ್ತೆ ಮಹಾ ಜೋರಿನ ಹೆಂಗಸು, ಅವಳ ಕೆಮ್ಮು ಕೇಳಿದರೆ ಮಲಗಿದ ಎಮ್ಮೆಯೂ ಎದ್ದು ನಿಲ್ಲುತ್ತಿತ್ತು, ಇರಲಿ. ಕಲ್ಲಿನಡಿ ಚಪ್ಪಟೆ ಮೈಯ, ಜೋಡಿ ಬಾಲದ ಹುಳ ಅಂಟಿಕೊಂಡಿರಬೇಕು. ಓಡುವ ತಣ್ಣೀರು, ಅದೂ ಶುದ್ಧವಾಗಿದ್ದರಷ್ಟೇ ಬದುಕುವ ಜೀವ. ರೆಕ್ಕೆ ಬಂದಾಗ ಪೊರೆಯನ್ನು ಕಲ್ಲಿನ ಮೇಲೇ ಕಳಚಿಟ್ಟು ಹಾರುತ್ತದೆ. ಹುಳ ಕಂಡರೆ ಕಲ್ಲನ್ನು ಇದ್ದ ಹಾಗೇ ಇಟ್ಟು ಹಂಡೆ ತುಂಬಬೇಕು.

ನಾದಿನಿ ನೀಲಾಳ ಮನೆಗೆ ಗುಡ್ಡದಾಚೆಯ ಹಳ್ಳದ ನೀರು. ಯಾರ ನೀರು ರುಚಿ ಎಂದು ಇಬ್ಬರಿಗೂ ಹಳೆಯ ಪೈಪೋಟಿ. ಮೊಮ್ಮಗಳು ಸಮೃದ್ಧಿಗೆ ಹೆಸರಿಡುವ ದಿನ ನೆಂಟರಿಗೆಲ್ಲ ತನ್ನ ಹಳ್ಳದ ನೀರು ಕುಡಿಸಿ ನೀಲಾಳ ಬಾಯಿ ಮುಚ್ಚಿಸುತ್ತೇನೆಂದು ಹೊನ್ನಿ ಊರೆಲ್ಲ ಹೇಳಿಕೊಂಡು ಬಂದಿದ್ದಳು.

ಶ್ರಾವಣದಲ್ಲಿ ಮಳೆ ಬಿಡುವು ಕೊಟ್ಟ ಆ ಬೆಳಿಗ್ಗೆ ಕಲ್ಲು ಮಗುಚಿದಳು. ಹುಳವಿಲ್ಲ. ಇನ್ನೊಂದು, ಮತ್ತೊಂದು. ನೀರೇನೋ ಕನ್ನಡಿಯಂತಿತ್ತು. ಮೇಲಕ್ಕೆ ಹತ್ತಿ ನೋಡಿದರೆ ಬಂಡೆಯ ಮೇಲೆ ನೀಲಿ ಕಲೆ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಹೊಡೆದ ಗಂಡ ಗಣಪ, ಔಷಧಿಯ ಡ್ರಮ್ಮನ್ನು ಅಲ್ಲೇ ತೊಳೆದಿದ್ದ. ಹಂಡೆ ಹೊರಲು ಹಿಂದೆಯೇ ಬಂದಿದ್ದ ಅವನತ್ತ ತಿರುಗಿದಳು.

“ಎಂತಾ ಮಾಡಿಟ್ಯೋ ಮಾರಾಯ!”

“ಮೊನ್ನೆ ತೊಳ್ದಿದ್ದು ಕಣೇ, ಹರ್ಕಂಡು ಹೋಗಿರ್ತದೆ. ಸುಮ್ನಿರು, ಯಾರಿಗೂ ಗೊತ್ತಾಗೂದಿಲ್ಲ.”

“ನಂಗೆ ಗೊತ್ತಾಯ್ತಲ್ಲ!”

ನೆಟ್ಟಗೆ ಅಂಗಳಕ್ಕೆ ಬಂದಳು. ಚಪ್ಪರದಡಿ ಕುಳಿತ ನೆಂಟರೆದುರು, ಸೆರಗಿಗೆ ಕೈ ಒರೆಸುತ್ತ ಹೇಳಿದಳು: “ನಮ್ ಹಳ್ಳದ ನೀರು ಇವತ್ತು ಯಾರೂ ಮುಟ್ಬೇಡಿ. ಔಷಧಿ ಬಿದ್ದದೆ, ನಮ್ಮನೆಯವ್ರದ್ದೇ ಕೆಲಸ. ನೀಲಾ, ನಿನ್ ಹಳ್ಳದ ನೀರು ಬೇಕು.”

“ಅಯ್ಯ ಅತ್ತಿಗೇ, ನಮ್ದು ಸಪ್ಪೆ ನೀರು ಅಂತಿದ್ಯಲ್ಲೆ?”

“ಸಪ್ಪೆನೇ. ಪಾಯಸಕ್ಕೆ ಬೆಲ್ಲ ಜಾಸ್ತಿ ಹಾಕ್ತೆ, ನಡೆ!”

ಚಪ್ಪರವೆಲ್ಲ ನಕ್ಕಿತು. ನೀಲಾ ನಗುತ್ತಲೇ ಕೊಡ ಎತ್ತಿಕೊಂಡಳು. ಗಣಪ ಗುಡ್ಡ ಹತ್ತಿಳಿದು ನೀರು ಹೊತ್ತ. ಹೊನ್ನಿ ಮಾತ್ರ ನೀಲಾಳ ಹಳ್ಳದಲ್ಲೂ ಕಲ್ಲು ಮಗುಚಿ, ಹುಳ ಕಂಡ ಮೇಲೆಯೇ ಕೊಡ ಅದ್ದಲು ಬಿಟ್ಟಳು. ನಂಬಿಕೆ ಬೇರೆ, ಪದ್ಧತಿ ಬೇರೆ. ತನ್ನ ಮನೆಯ ತಪ್ಪನ್ನು ಅಷ್ಟು ಜನರೆದುರು ತಾನೇ ತಲೆಯೆತ್ತಿ ಹೇಳಿದ ಹೆಂಗಸು ಅವಳು. ಆ ದಿನದ ಪಾಯಸದ ರುಚಿ ಮರೆತವರೂ ಆ ಮಾತನ್ನು ಮರೆತಿಲ್ಲ.

ಗಣಪ ಡ್ರಮ್ಮು ತೊಳೆಯಲು ಹಳ್ಳದಿಂದ ದೂರ ಒಂದು ಗುಂಡಿ ತೋಡಿದ. ಹೊನ್ನಿ ದಿನಾ ಹೋಗಿ ಕಲ್ಲು ಮಗುಚುತ್ತಿದ್ದಳು, ಬರಿಗೈಯಲ್ಲಿ ಬರುತ್ತಿದ್ದಳು. ದೀಪಾವಳಿ ಕಳೆದ ಮೇಲೊಂದು ಬೆಳಿಗ್ಗೆ ಗುಡ್ಡದಾಚೆಗೂ ಕೇಳುವಂತೆ ಕೂಗು ಹಾಕಿದಳು.

“ನೀಲಾ! ಬಾರೇ ಇಲ್ಲಿ!”

ನೀಲಾ ಏದುಸಿರು ಬಿಡುತ್ತ ಬಂದು ಬಗ್ಗಿದಳು. ಒದ್ದೆ ಕಲ್ಲಿನ ಮೇಲೆ ಜೋಡಿ ಬಾಲ ಅಲ್ಲಾಡಿಸುತ್ತ ಒಂದೇ ಒಂದು ಹುಳ.

“ಇಷ್ಟಕ್ಕೆ ಕರೆದ್ಯಾ? ಒಂದೇ!”

“ಸುಮ್ನಿರೇ, ಈ ಕಲ್ಲು ಬಾಣಂತಿ ಮನೆ,” ಎಂದ ಹೊನ್ನಿ, ಕಲ್ಲನ್ನು ಇದ್ದ ಮಗ್ಗುಲಿಗೇ ಮೆಲ್ಲಗೆ ಇಟ್ಟು, ಬೊಗಸೆ ತುಂಬ ನೀರು ಮೊಗೆದು ನಾದಿನಿಯ ಬಾಯಿಗೆ ಹಿಡಿದಳು. “ಈಗ ಹೇಳು, ಯಾರದ್ದು ಸಪ್ಪೆ?”