ತಣ್ಣಗಾದ ಗಾಡಿಯ ನಿಜ ಕೇಳುವ ಬ್ಯಾಟರಿ ಅಕ್ಕ

ಬೆಳಗಿನ ಐದೂವರೆ. ಬೀದಿದೀಪಗಳು ಇನ್ನೂ ಆರಿಲ್ಲ. ಗೇಟಿನೊಳಗೆ ನಿಂತ ಹಳೆಯ ಕಾರಿನ ಬಾನೆಟ್ ಎತ್ತಿ, ಬ್ಯಾಟರಿಗೆ ಮೀಟರಿನ ತಂತಿಗಳನ್ನು ಕಚ್ಚಿಸಿ ಆಕೆ ಕೈ ಎತ್ತುತ್ತಾರೆ.

"ಈಗ ಕೀ ತಿರುಗಿಸಿ, ಅಣ್ಣಾ."

ಕಾರು ಒಮ್ಮೆ ಮುಲುಗಿ, ಎರಡನೆಯ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಕಾರಿನ ಒಡೆಯರು, ನಿವೃತ್ತ ಬಸ್ ಚಾಲಕರು, ಗೆದ್ದವರಂತೆ ನಗುತ್ತಾರೆ. ಆಕೆ ನಗುವುದಿಲ್ಲ. ಕೀ ತಿರುಗಿದ ಕ್ಷಣದಲ್ಲಿ ಮೀಟರಿನ ಮುಳ್ಳು ಎಷ್ಟು ಕೆಳಗೆ ಬಿತ್ತೆಂದು ನೋಡಿದ್ದಾರೆ. ಈ ಬ್ಯಾಟರಿ ಇನ್ನು ಹೆಚ್ಚು ದಿನ ಬಾಳದು.

ಈ ಬೀದಿಗಳಿಗೆಲ್ಲ ಆಕೆ ಬ್ಯಾಟರಿ ಅಕ್ಕ. ಅಪ್ಪನ ಅಂಗಡಿಯಲ್ಲಿ ಕಲಿತ ಕೆಲಸಕ್ಕೆ ಈಗ ಇಪ್ಪತ್ತೆರಡು ವರ್ಷ. ದಿನಕ್ಕೆ ಆರೇಳು ಮನೆ, ಒಂದೊಂದು ಬ್ಯಾಟರಿಯೂ ಹದಿನೈದು ಕಿಲೋ. ಸೊಂಟಕ್ಕೆ ಪಟ್ಟಿ ಬಿಗಿಯದೆ ಎತ್ತಲಾಗದು. ಆಸಿಡ್ ಸಿಡಿದು ಅಂಗಿಯ ತೋಳು ತೂತು ತೂತು. "ಇದನ್ನ ಒಗೆಯೋದೋ, ಇದರಲ್ಲಿ ಹಿಟ್ಟು ಜರಡಿ ಹಿಡಿಯೋದೋ ಅಂತಾಳೆ ಮಗಳು," ಎನ್ನುತ್ತಾರೆ.

ಗಿರಾಕಿಗಳು ಅಂಗಡಿಗೇ ಬರಬಹುದಲ್ಲ? "ಓಡಿಸ್ಕೊಂಡು ಬಂದ ಗಾಡಿ ಸುಳ್ಳು ಹೇಳುತ್ತೆ. ದಾರೀಲೇ ಚಾರ್ಜ್ ಆಗಿರುತ್ತೆ. ರಾತ್ರಿಯೆಲ್ಲ ನಿಂತು ತಣ್ಣಗಾದಾಗ ಕೇಳಿದ್ರೆ ನಿಜ ಹೇಳುತ್ತೆ."

ಇದನ್ನು ಕಲಿಸಿದ್ದು ಅಪ್ಪನಲ್ಲ, ಒಂದು ತಪ್ಪು. ಒಂಬತ್ತು ವರ್ಷಗಳ ಹಿಂದೆ ಒಬ್ಬರು ಅಂಗಡಿಗೆ ಗಾಡಿ ತಂದಿದ್ದರು. ಆಕೆಯೇ ಹಾಕಿದ್ದ ಬ್ಯಾಟರಿ, ಎಂಟು ವರ್ಷ ಬಾಳಿತ್ತು. ಮೀಟರಿನಲ್ಲಿ ಎಲ್ಲ ಸರಿಯಿತ್ತು. "ನನ್ನ ಕೈಗುಣ, ಇನ್ನಾರು ತಿಂಗಳು ಏನೂ ಆಗಲ್ಲ ಅಂದುಬಿಟ್ಟೆ." ಹದಿನೈದೇ ದಿನಕ್ಕೆ, ಅವರ ತಾಯಿಗೆ ಪಾರ್ಶ್ವವಾಯು ಬಡಿದ ಮುಂಜಾನೆ, ಗಾಡಿ ಮಿಸುಕಲಿಲ್ಲ. ಬೇರೆ ವಾಹನ ಸಿಗುವಷ್ಟರಲ್ಲಿ ಮುಕ್ಕಾಲು ಗಂಟೆ. ತಾಯಿ ಉಳಿದರು, ಬಲಗೈ ಮಾತ್ರ ಮತ್ತೆ ಏಳಲಿಲ್ಲ. "ಯಾರೂ ನನ್ನನ್ನ ಬೈಲಿಲ್ಲ. ಬೈದಿದ್ರೆ ಹಗುರ ಆಗ್ತಿತ್ತೋ ಏನೋ."

ಈ ನಿವೃತ್ತ ಚಾಲಕರ ಹೆಂಡತಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ನಾಳೆ ಬೆಳಿಗ್ಗೆ ಆರಕ್ಕೆ ಆಸ್ಪತ್ರೆಯಲ್ಲಿರಬೇಕು.

"ಏಳು ವರ್ಷದಲ್ಲಿ ಒಂದು ದಿನ ಕೈಕೊಟ್ಟಿಲ್ಲಮ್ಮ," ಚಾಲಕರು ಬ್ಯಾಟರಿಯ ಪರ ವಹಿಸುತ್ತಾರೆ.

"ಅದೇ ಭಯ ಅಣ್ಣಾ. ಇಷ್ಟು ದಿನ ದುಡಿದದ್ದು ಮುಂಚೆ ಹೇಳಿ ನಿಲ್ಲಲ್ಲ."

"ಹಾಗಾದ್ರೆ ಅಗ್ಗದ್ದು ಹಾಕು. ಎರಡು ವರ್ಷ ಸಾಕು."

ಮುಂದಿನ ವರ್ಷ ಮಾರುವ ಗಾಡಿಗೆ ದುಬಾರಿಯದು ಬೇಡವೆಂದು ಆಕೆಯೇ ಎಷ್ಟೋ ಜನರನ್ನು ತಡೆದಿದ್ದಾರೆ. ಆದರೆ ಇದು ಮಾರುವ ಗಾಡಿಯಲ್ಲ. ಆಸ್ಪತ್ರೆ ಹತ್ತಿರ, ಅಷ್ಟು ಸಣ್ಣ ಓಡಾಟದಲ್ಲಿ ಪೂರ್ತಿ ಚಾರ್ಜ್ ಆಗದೆ ಅಗ್ಗದ್ದು ಎರಡು ವರ್ಷವೂ ಬರುವುದಿಲ್ಲ. ಸೋಲುವ ದಿನ ಯಾವುದೆಂದು ಹೇಳುವವರಿಲ್ಲ. ಅದನ್ನೇ ಬಿಡಿಸಿ ಹೇಳಿ, ಐದು ವರ್ಷ ಬಾಳುವುದನ್ನು ಹಾಕೋಣ ಎನ್ನುತ್ತಾರೆ.

ಜಗಲಿಯ ಕುರ್ಚಿಯಿಂದ ಹೆಂಡತಿಯ ದನಿ: "ಐದು ವರ್ಷದ್ದು ಯಾಕ್ರೀ? ನನಗಿಂತ ಹೆಚ್ಚು ಬಾಳೋದನ್ನ ತಂದು ನನ್ನನ್ನೇ ಅಣಕಿಸ್ತೀರಾ?"

ಚಾಲಕರು ಕೈಯಲ್ಲಿದ್ದ ಕೀಲಿಯನ್ನೇ ನೋಡುತ್ತ ನಿಲ್ಲುತ್ತಾರೆ. ಅಗ್ಗದ್ದು ಕೇಳಿದ್ದು ದುಡ್ಡಿಗಲ್ಲ, ಹೆಂಡತಿಯ ಮುಂದೆ ಐದು ವರ್ಷ ಎನ್ನಲು ಬಾಯಿ ಬಾರದೆ ಎಂಬುದು ಆಕೆಗೆ ಆಗ ಅರ್ಥವಾಗುತ್ತದೆ.

ಹಳೆಯದನ್ನು ಬಿಚ್ಚಿ ಕೆಳಗಿಟ್ಟು, ಐದು ವರ್ಷದ್ದನ್ನು ಕೂರಿಸಿ, ಬೋಲ್ಟ್ ಬಿಗಿಯುತ್ತಲೇ ಆಕೆ ಜಗಲಿಯತ್ತ ಮುಖ ಮಾಡುತ್ತಾರೆ.

"ಐದು ವರ್ಷಕ್ಕೆ ಇದು ಸೋತಾಗ ಬದಲಾಯಿಸೋಕೂ ನಾನೇ ಬರ್ತೀನಿ, ಅಮ್ಮಾ. ಗೇಟು ಮಾತ್ರ ನೀವೇ ತೆಗೀಬೇಕು."